ಬಾಗಿಲ ಸಂದಿನ ಹಾವು

ಕಳೆದ ಶ್ರಾವಣದಲ್ಲಿ, ನಾಗರ ಪಂಚಮಿಗೆ ಎರಡು ದಿನ ಮೊದಲು, ಮಗಳು ಪುಣೆಯಿಂದ ತವರಿಗೆ ಬಂದಳು. ಜೊತೆಗೆ ಐದು ವರ್ಷದ ಅವಳ ಮಗ. ಅವನ ಬೆನ್ನಿಗೆ ಅವನಿಗಿಂತಲೂ ದೊಡ್ಡದೆನಿಸುವ ಒಂದು ಚೀಲ. ಹೊಸ್ತಿಲು ದಾಟಿದೊಡನೆ ಅವನು ಆ ಚೀಲವನ್ನು ನಡುಮನೆಯಲ್ಲಿ ಬೋರಲು ಹಾಕಿದ. ಎರಡು ಅಂಗಿ, ಬಣ್ಣದ ಕಡ್ಡಿಗಳ ಪೆಟ್ಟಿಗೆ, ಅರ್ಧ ತಿಂದ ಬಿಸ್ಕೀಟಿನ ಪೊಟ್ಟಣ ಬಿದ್ದವು; ಅವುಗಳ ಹಿಂದೆಯೇ ಹಸಿರು ಬಣ್ಣದ ಹಾವೊಂದು ಮೊಳಮೊಳವಾಗಿ ಹೊರಬಂದು ನೆಲದ ಮೇಲೆ ಸುರುಳಿಯಾಗಿ ಬಿದ್ದಿತು.

ಮಖಮಲ್ಲಿನಂಥ ಮೃದುವಾದ ಬಟ್ಟೆಯ ಗೊಂಬೆ ಅದು. ಒಳಗೆ ಪಾಲಿಯೆಸ್ಟರಿನ ಹತ್ತಿ. ಉದ್ದ ನಾಲ್ಕು ಮೊಳಕ್ಕೆ ಕಡಿಮೆಯಿಲ್ಲ. ದಪ್ಪ ನನ್ನ ರಟ್ಟೆಯಷ್ಟು. ಹಸಿರು ಮೈಮೇಲೆ ಹಳದಿಯ ಚೌಕಗಳು, ಎರಡಾಗಿ ಸೀಳಿದ ಕೆಂಪು ಬಟ್ಟೆಯ ನಾಲಗೆ, ಕಿವಿಯವರೆಗೆ ಹರಡಿದ ನಗೆ. ಹಾವಿಗೆ ಹೊರಗಿವಿಯಿಲ್ಲ ಎಂಬುದನ್ನು ಹೊಲಿದವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ರೆಪ್ಪೆಯೂ ಇಲ್ಲವೆಂಬುದು ಅವರಿಗೆ ನೆನಪಾಗಿರಲಿಲ್ಲ. ಗೊಂಬೆಯ ಕಣ್ಣುಗಳ ಮೇಲೆ ಕಪ್ಪು ದಾರದ ನೀಳವಾದ ರೆಪ್ಪೆಗಳಿದ್ದವು. ಹುಡುಗ ಅದಕ್ಕೆ ‘ಹಿರವ್ಯಾ’ ಎಂದು ಹೆಸರಿಟ್ಟಿದ್ದ. ಮರಾಠಿಯ ‘ಹಿರವಾ’, ಎಂದರೆ ಹಸಿರು ಎಂಬ ಮಾತಿನಿಂದ ಅವನೇ ಮಾಡಿಕೊಂಡ ಹೆಸರು.

ನಮ್ಮವ್ವ ಮಂಚದ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಅವಳಿಗೀಗ ಎಪ್ಪತ್ತೆಂಟು. ಚೀರಲಿಲ್ಲ, ಏಳಲಿಲ್ಲ. ಎರಡೂ ಕಾಲುಗಳನ್ನು ಮೆಲ್ಲಗೆ ಮೇಲೆತ್ತಿ ಮಂಚದ ಮೇಲೆ ಮಡಿಚಿಕೊಂಡಳು. ಸೀರೆಯ ಅಂಚನ್ನು ಎಳೆದು ಹಿಮ್ಮಡಿಯನ್ನು ಮುಚ್ಚಿಕೊಂಡಳು. ಆಮೇಲೆ ಮಗಳ ಕಡೆ ನೋಡದೆ, ನನ್ನ ಕಡೆಯೂ ನೋಡದೆ, ಗೋಡೆಗೆ ಹೇಳುವಂತೆ ಹೇಳಿದಳು: “ಅದನ್ನ ಹೊರಗಿನ ಖೋಲ್ಯಾಗ ಇಡ್ರಿ. ಚೀಲದ ಬಾಯಿ ಕಟ್ಟಿ ಇಡ್ರಿ.”

ವೇದಾಂತಿಗಳು ಹಗ್ಗವನ್ನು ಹಾವೆಂದು ಭ್ರಮಿಸುವವನ ದೃಷ್ಟಾಂತವನ್ನು ಹೇಳುತ್ತಾರೆ. ಅವನ ಸಂಕಟಕ್ಕೆ ಕಾರಣ ಮಬ್ಬುಬೆಳಕು. ದೀಪ ತಂದರೆ ಹಾವು ಹೋಗುತ್ತದೆ, ಹಗ್ಗ ಉಳಿಯುತ್ತದೆ, ಭಯ ತೀರುತ್ತದೆ. ತರಗತಿಯಲ್ಲಿ ಈ ದೃಷ್ಟಾಂತವನ್ನು ನಾನು ಎಷ್ಟೋ ಸಲ ವಿವರಿಸಿದ್ದೇನೆ. ಆ ದಿನ ನಡುಮನೆಯಲ್ಲಿ ಮಧ್ಯಾಹ್ನದ ಬೆಳಕು ಧಾರಾಳವಾಗಿತ್ತು. ಅದು ಬಟ್ಟೆಯೆಂದು ಅವ್ವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಜೀವಮಾನವಿಡೀ ಕೌದಿ ಹೊಲಿದವಳು ಅವಳು. ಗೊತ್ತಿದ್ದೂ ಕಾಲು ಮೇಲೆ ಹೋದವು. ಕೆಲವು ಭಯಗಳಿಗೆ ದೀಪ ಸಾಲದು.

ಅದೇ ಸಂಜೆ ಹುಡುಗ ಹೊರಗಿನ ಕೋಣೆಯಲ್ಲಿ ಹಿರವ್ಯಾನನ್ನು ಕೊರಳಿಗೆ ಸುತ್ತಿಕೊಂಡು ನನ್ನ ಮುಂದೆ ನಿಂತ. ಅವನಿಗೆ ಕನ್ನಡ ಅರ್ಧ ತಿಳಿಯುತ್ತದೆ, ಆಡುವುದು ಮರಾಠಿ. “ಆಜೋಬಾ, ಯಾಲಾ ಕನ್ನಡಮಧ್ಯೆ ಕಾಯ್ ಮ್ಹಣತಾತ್?” ಎಂದು ಕೇಳಿದ. ಇದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ?

ಮೂರು ದಶಕಗಳಿಂದ ಕನ್ನಡ ಕಲಿಸುತ್ತಿರುವ ನಾನು ಒಳಮನೆಯ ಕಡೆ ಒಮ್ಮೆ ನೋಡಿ, ಧ್ವನಿ ತಗ್ಗಿಸಿ, “ಹುಳ” ಎಂದೆ.

ಹುಡುಗ ಒಪ್ಪಲಿಲ್ಲ. ಅಕ್ಕಿ ಆರಿಸುವಾಗ ಅವನ ತಾಯಿ ಬಿಳಿಯ ಕೀಟವೊಂದನ್ನು ತೋರಿಸಿ ಅದು ಹುಳವೆಂದು ಹೇಳಿಕೊಟ್ಟಿದ್ದಳು. ಹುಳವೆಂದರೆ ‘ಕಿಡಾ’. ಇದು ಕಿಡಾ ಅಲ್ಲ, ಇದು ‘ಸಾಪ್’. ಆಜೋಬಾನಿಗೆ ಗೊತ್ತಿಲ್ಲ ಎಂದು ತೀರ್ಮಾನಿಸಿ ಅವನು ಹೊರಟುಹೋದ.

ಅವನ ತೀರ್ಮಾನದಲ್ಲಿ ತಪ್ಪಿರಲಿಲ್ಲ. ಆದರೆ ನನ್ನ ಉತ್ತರಕ್ಕೂ ಒಂದು ಚರಿತ್ರೆಯಿದೆ. ನಮ್ಮ ಅಕ್ಕಲಕೋಟೆ ಭಾಗದ ಹಳ್ಳಿಗಳಲ್ಲಿ ದೀಪ ಹಚ್ಚಿದ ಮೇಲೆ ಹಾವಿನ ಹೆಸರನ್ನು ಎತ್ತುವುದಿಲ್ಲ. ಹೆಸರು ಹಿಡಿದರೆ ಕರೆದಂತಾಗುತ್ತದೆಂಬ ನಂಬಿಕೆ. ಆದ್ದರಿಂದ ಕನ್ನಡದ ಬಾಯಲ್ಲಿ ಅದು ‘ಹುಳ’. ಕಚ್ಚಿದರೆ ‘ಹುಳ ಮುಟ್ಟ್ಯಾದ’. ಕಚ್ಚು ಎಂಬ ಕ್ರಿಯಾಪದವನ್ನೂ ಬಿಟ್ಟು, ಮುಟ್ಟು ಎಂಬ ಸೌಮ್ಯವಾದ ಮಾತನ್ನು ಹಿಡಿದಿದ್ದಾರೆ. ನೆರೆಯ ಮರಾಠಿ ಮನೆಗಳಲ್ಲೂ ಇದೇ ರೀತಿ. ಅಲ್ಲಿ ಅದು ‘ಜನಾವರ’, ‘ಲಾಂಬಡೆ’, ‘ಕಿರಡೂ’. ಕಚ್ಚಿದರೆ ‘ಪಾನ್ ಲಾಗಲೆ’, ಎಂದರೆ ಎಲೆ ತಾಗಿತು. ಎರಡು ಭಾಷೆಗಳು ಬೇರೆ ಬೇರೆ ಕುಲದವು. ಭಯ ಮಾತ್ರ ಒಂದೇ ಕುಲದ್ದು. ಭಾಷಾಶಾಸ್ತ್ರದಲ್ಲಿ ಇದನ್ನು ನಿಷಿದ್ಧ ಪದಗಳ ಅಧ್ಯಾಯದಲ್ಲಿ ಓದುತ್ತೇವೆ. ಅದೇ ಶಬ್ದವನ್ನು ಧ್ವನಿವ್ಯತ್ಯಾಸದ ಪಾಠದಲ್ಲೂ ಉದಾಹರಿಸುತ್ತೇವೆ: ಹಳಗನ್ನಡದ ಪಕಾರ ಹೊಸಗನ್ನಡಕ್ಕೆ ಬರುವಷ್ಟರಲ್ಲಿ ಹಕಾರವಾಯಿತು, ಪಾಲು ಹಾಲಾದಂತೆ, ಪೂ ಹೂವಾದಂತೆ, ಪಾವು ಹಾವಾಯಿತು. ತಮಿಳಿನ ಪಾಂಬು, ತೆಲುಗಿನ ಪಾಮು ಇಂದಿಗೂ ಪಕಾರವನ್ನು ಉಳಿಸಿಕೊಂಡಿವೆ. ಕರಿಹಲಗೆಯ ಮೇಲೆ ಆ ಶಬ್ದವನ್ನು ನಾನು ವರ್ಷಕ್ಕೊಮ್ಮೆಯಾದರೂ ದೊಡ್ಡ ಅಕ್ಷರಗಳಲ್ಲಿ ಬರೆಯುತ್ತೇನೆ. ಮನೆಯಲ್ಲಿ ಅದನ್ನು ಉಚ್ಚರಿಸಿ ಐದು ದಶಕಗಳಾಗುತ್ತ ಬಂದಿದ್ದವು. ಊರಿನ ಕನ್ನಡ ಶಾಲೆ ನನಗೆ ‘ಹಾವು’ ಎಂದು ಬರೆಯಲು ಕಲಿಸಿತು; ಮುಂದಿನ ಮರಾಠಿ ಶಾಲೆ ‘ಸಾಪ್’ ಎಂದು ಕಲಿಸಿತು. ಮನೆ ಇವೆರಡನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ.

ಕಾರಣ ಹೇಳಬೇಕು. ಇದುವರೆಗೆ ಎಲ್ಲಿಯೂ ಬರೆದಿಲ್ಲ.

1977ರ ಮಳೆಗಾಲ. ಬೋರಿ ನದಿಯ ದಂಡೆಗೆ ಸಮೀಪದ ಹಳ್ಳಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ನನಗೆ ಎಂಟು ವರ್ಷ, ತಮ್ಮನಿಗೆ ಐದು. ನೆಲದ ಮೇಲೆ ಕೌದಿ ಹಾಸಿಕೊಂಡು ಎಲ್ಲರೂ ಸಾಲಾಗಿ ಮಲಗುತ್ತಿದ್ದೆವು. ಹಿತ್ತಲ ಬಾಗಿಲ ಕೆಳಗೆ ಮೂರು ಬೆರಳು ತೂರುವಷ್ಟು ಸಂದಿತ್ತು. ಮಳೆಗಾಲದಲ್ಲಿ ಹೊಲದ ಬಿರುಕುಗಳಲ್ಲಿ ನೀರು ತುಂಬಿದಾಗ ಅಲ್ಲಿದ್ದ ಜೀವಗಳೆಲ್ಲ ಒಣ ಜಾಗವನ್ನು ಹುಡುಕಿಕೊಂಡು ಮನೆಗಳ ಕಡೆ ಬರುತ್ತವೆ. ಅವ್ವ ತನ್ನ ಹಳೆಯ ಇಲಕಲ್ ಸೀರೆಯೊಂದನ್ನು ಬಿಗಿಯಾಗಿ ಸುತ್ತಿ, ನಡುನಡುವೆ ದಾರದಿಂದ ಕಟ್ಟಿ, ಒಂದು ಉದ್ದನೆಯ ಸುರುಳಿ ಮಾಡಿದ್ದಳು. ಮಲಗುವ ಮುನ್ನ ಅದನ್ನು ಬಾಗಿಲ ಸಂದಿಗೆ ಒತ್ತಿ ಇಡಬೇಕು. ಆ ಕೆಲಸ ನನ್ನದು. ಹಿರಿಯ ಮಗನೆಂದು ಕೊಟ್ಟ ಕೆಲಸ. ನನಗೆ ಅದರ ಬಗ್ಗೆ ಹೆಮ್ಮೆಯಿತ್ತು.

ಬೆಳಗಿನ ಜಾವ ತಮ್ಮ ಹೊಟ್ಟೆನೋವೆಂದು ಎದ್ದ. ಕಲಬುರ್ಗಿಯ ಮಾವನ ಮನೆಯಿಂದ ಬಂದ ಫರಾಳ ಹೆಚ್ಚು ತಿಂದಿದ್ದಾನೆಂದು ಅವ್ವ ಅಜವಾನದ ನೀರು ಕುಡಿಸಿದಳು. ಸ್ವಲ್ಪ ಹೊತ್ತಿನಲ್ಲಿ ಅವನು ಕಣ್ಣು ತೆರೆಯದಾದ. ನಿದ್ದೆಯೆಂದುಕೊಂಡೆವು. ನಿದ್ದೆಯಾಗಿರಲಿಲ್ಲ; ಮಾತಾಡಿಸಿದರೆ ಹೂಂಗುಡುತ್ತಿದ್ದ, ರೆಪ್ಪೆ ಮಾತ್ರ ಮೇಲೇಳುತ್ತಿರಲಿಲ್ಲ. ಅಪ್ಪ ಬೆರಳಿನಿಂದ ಅವನ ರೆಪ್ಪೆಯನ್ನೆತ್ತಿ ನೋಡಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಮಾತು ತೊದಲಿತು, ಜೊಲ್ಲು ಸುರಿಯಿತು. ಮಂತ್ರ ಹಾಕುವವನ ಬಳಿಗೆ ಹೋದರು. ಅಲ್ಲಿ ಎರಡು ತಾಸು ಕಳೆಯಿತು. ಅಲ್ಲಿಂದ ಚಕ್ಕಡಿ ಕಟ್ಟಿಕೊಂಡು ದವಾಖಾನೆಯ ದಾರಿ ಹಿಡಿದರು. ಕರಿಮಣ್ಣಿನ ಕೆಸರಿನಲ್ಲಿ ಗಾಲಿ ಹೂತವು. ದವಾಖಾನೆ ತಲುಪುವ ಮೊದಲೇ ಅವ್ವ ಮಗುವನ್ನು ಎದೆಗವಚಿಕೊಂಡು, ಇನ್ನು ಬಂಡಿ ಹೊಡೆಯಬೇಡವೆಂದು ಹೇಳಿದಳಂತೆ. ಮನೆಯಲ್ಲಿ ಅವನ ಹಾಸಿಗೆ ಝಾಡಿಸಿದಾಗ ಕೌದಿಯ ಮಡಿಕೆಯಲ್ಲಿ ಅದು ಇತ್ತು. ಕಪ್ಪು ಮೈ, ಬಳೆಯಂತೆ ಬಿಳಿಯ ಸಣ್ಣ ಪಟ್ಟಿಗಳು.

ಅದು ಕಟ್ಟುಹಾವು, ಮರಾಠಿಯಲ್ಲಿ ಮಣ್ಯಾರ. ಬಹಳ ವರ್ಷಗಳ ನಂತರ ಅದರ ಕುರಿತು ಓದಿ ತಿಳಿದುಕೊಂಡೆ. ರಾತ್ರಿ ಸಂಚರಿಸುವ ಈ ಹಾವು ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿಯೇ ಕಚ್ಚುವುದುಂಟು. ಹಲ್ಲು ಬಹಳ ಸಣ್ಣದು. ಉರಿಯಾಗಲಿ ಬಾವಾಗಲಿ ಹೆಚ್ಚು ಇರುವುದಿಲ್ಲ. ಕಚ್ಚಿದ ಗುರುತೂ ಎಷ್ಟೋ ಸಲ ಕಾಣುವುದಿಲ್ಲ. ವಿಷ ನರಗಳಿಂದ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನು ತಡೆಯುತ್ತದೆ. ಹೊಟ್ಟೆನೋವು ಬರಬಹುದು, ಮೊದಲು ರೆಪ್ಪೆಗಳು ಜೋಲುತ್ತವೆ, ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಬೇಗನೆ ಪ್ರತಿವಿಷ ಕೊಟ್ಟು, ಅಗತ್ಯವಾದರೆ ಯಂತ್ರದಿಂದ ಉಸಿರಾಡಿಸಿದರೆ ಬದುಕಿಸಬಹುದು. ಇದೆಲ್ಲ ಪುಸ್ತಕದ ತಿಳಿವಳಿಕೆ. ಪುಸ್ತಕ ಹೇಳದ ಒಂದು ಪ್ರಶ್ನೆ ನನ್ನಲ್ಲಿ ಉಳಿಯಿತು: ಆ ರಾತ್ರಿ ನಾನು ಸುರುಳಿಯನ್ನು ಬಾಗಿಲಿಗೆ ಒತ್ತಿದ್ದೆನೇ?

ನೆನಪಿಲ್ಲ. ಒತ್ತಿದ ರಾತ್ರಿಗಳೆಲ್ಲ ಒಂದೇ ರೀತಿಯಾಗಿರುವುದರಿಂದ ಆ ಒಂದು ರಾತ್ರಿಯನ್ನು ಬೇರ್ಪಡಿಸಿ ನೋಡಲು ಸಾಧ್ಯವಾಗುವುದಿಲ್ಲ. ಯಾರೂ ನನ್ನನ್ನು ಕೇಳಲಿಲ್ಲ. ಆದರೆ ಅದರ ಮರುದಿನದಿಂದ ಅವ್ವ ಆ ಕೆಲಸವನ್ನು ತಾನೇ ಮಾಡತೊಡಗಿದಳು. ನಾನು ಸುರುಳಿಯನ್ನು ಕೈಗೆತ್ತಿಕೊಂಡರೆ “ಇರಲಿ, ಬಿಡು” ಎನ್ನುತ್ತಿದ್ದಳು. ಆ ಎರಡು ಶಬ್ದಗಳನ್ನು ನಾನು ತೀರ್ಪೆಂದು ಕೇಳಿಸಿಕೊಂಡೆ. ಊರು ಬಿಟ್ಟು ಪಟ್ಟಣಕ್ಕೆ ಬಂದು, ಸಿಮೆಂಟಿನ ಮನೆ ಕಟ್ಟಿ, ಟೈಲ್ಸ್ ಹಾಕಿಸಿದ ಮೇಲೂ ಅವಳು ಬಿಡಲಿಲ್ಲ. ಮಳೆಗೆ ಉಬ್ಬುತ್ತದೆಂದು ಬಡಗಿ ಹಿತ್ತಲ ಬಾಗಿಲನ್ನು ಕೆಳಗೆ ಹೆರೆದುಕೊಟ್ಟ. ಎರಡು ಬೆರಳಿನ ಸಂದು ಉಳಿಯಿತು. ಮೊಣಕಾಲು ನೋವಿದ್ದರೂ ಪ್ರತಿ ರಾತ್ರಿ ಗೋಡೆ ಹಿಡಿದು ಬಗ್ಗಿ ಅವಳು ಆ ಸಂದಿಗೆ ಸೀರೆಯ ಸುರುಳಿಯನ್ನು ಒತ್ತುತ್ತಾಳೆ. ಸೀರೆಗಳು ಬದಲಾದವು, ಸುರುಳಿ ಬದಲಾಗಲಿಲ್ಲ.

ಇಷ್ಟಾದರೂ ನಮ್ಮ ಮನೆಯಲ್ಲಿ ಪಂಚಮಿ ನಿಲ್ಲಲಿಲ್ಲವೆಂಬುದು ಹೊರಗಿನವರಿಗೆ ವಿಚಿತ್ರವಾಗಿ ತೋರಬಹುದು. ಮಗನನ್ನು ಕಳೆದುಕೊಂಡ ತಾಯಿ ಮರುವರ್ಷವೇ ಹುತ್ತಕ್ಕೆ ಹಾಲೆರೆದಳು. ಅಂದು ಒಲೆಯ ಮೇಲೆ ಹಂಚಿಡುವುದಿಲ್ಲ, ಏನನ್ನೂ ಹೆಚ್ಚುವುದಿಲ್ಲ, ನೆಲ ಅಗೆಯುವುದಿಲ್ಲ. ಹೂರಣದ ಕಡುಬನ್ನು ಹಬೆಯಲ್ಲಿ ಬೇಯಿಸುತ್ತಾರೆ. ಅರಳು, ಉಂಡಿ, ಜೋಕಾಲಿ, ತವರಿಗೆ ಬಂದ ಹೆಣ್ಣುಮಕ್ಕಳ ನಗೆ ಇವೆಲ್ಲ ಇದ್ದವು. ಪೂಜೆಯಲ್ಲಿ ಅದು ‘ನಾಗಪ್ಪ’, ಮರಾಠಿಯವರಿಗೆ ‘ನಾಗೋಬಾ’. ಅಪ್ಪ, ಬಾ ಎಂಬ ಗೌರವದ ಪ್ರತ್ಯಯಗಳಿಲ್ಲದೆ ಆ ಹೆಸರು ಬಾಯಿಗೆ ಬರುವುದಿಲ್ಲ. ಹೀಗೆ ಒಂದೇ ಜೀವಿ ನಮ್ಮಲ್ಲಿ ರಾತ್ರಿ ಹುಳವಾಯಿತು, ಹಬ್ಬದಂದು ಅಪ್ಪನಾಯಿತು. ಒಂದು ಹೆಸರು ಅದನ್ನು ಕೆಳಗಿಳಿಸುತ್ತದೆ, ಇನ್ನೊಂದು ಮೇಲಕ್ಕೇರಿಸುತ್ತದೆ. ಅದರ ಸ್ವಂತ ಹೆಸರಿನಲ್ಲಿ ಅದಕ್ಕೆ ಮನೆಯೊಳಗೆ ಪ್ರವೇಶವಿರಲಿಲ್ಲ. ಭಯವೂ ಭಕ್ತಿಯೂ ಒಂದು ವಿಷಯದಲ್ಲಿ ಒಡಹುಟ್ಟಿದವು. ಎರಡೂ ವಸ್ತುವನ್ನು ಕೈಗೆಟುಕದಷ್ಟು ದೂರದಲ್ಲಿ ಇಡುತ್ತವೆ.

ಮೂರನೆಯ ದಾರಿ ಆಟದ್ದು. ಅದನ್ನು ನಾನು ಬಾಲ್ಯದಲ್ಲಿಯೇ ಕಂಡಿದ್ದೆ. ಸಂಕ್ರಾಂತಿಯ ವೇಳೆಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ. ನಂದಿಕೋಲುಗಳ ಮೆರವಣಿಗೆ ಮುಗಿದ ಮೇಲೆ ಅಂಗಡಿಗಳ ಸಾಲಿನಲ್ಲಿ ತುಂಡು ತುಂಡಾಗಿ ಜೋಡಿಸಿದ ಕಟ್ಟಿಗೆಯ ಹಾವನ್ನು ಮಾರುತ್ತಿದ್ದರು. ಬಾಲ ಹಿಡಿದರೆ ಅದು ಎಡಕ್ಕೂ ಬಲಕ್ಕೂ ಜೀವವಿದ್ದಂತೆ ಹೊರಳುತ್ತಿತ್ತು. ತಮ್ಮ ಹೋದ ಮೇಲಿನ ವರ್ಷ ನಾನು ಅದನ್ನು ಕೊಡಿಸೆಂದು ಅಪ್ಪನ ಧೋತರ ಜಗ್ಗಿದೆ. ಅಪ್ಪ ಏನೂ ಅನ್ನದೆ ಪೀಪಿ ಕೊಡಿಸಿದ. ಹಾವನ್ನು ಕೈಯಲ್ಲಿ ಹಿಡಿದು ನೋಡಬೇಕೆಂಬ ಆ ಆಸೆ ಎಲ್ಲಿಂದ ಬಂದಿತೆಂದು ಅಂದು ತಿಳಿದಿರಲಿಲ್ಲ. ಈಗ ತಿಳಿಯುತ್ತದೆ. ನನ್ನ ತಮ್ಮನನ್ನು ಒಯ್ದದ್ದು ಏನೆಂದು ಕೈಯಿಂದ ಅರಿಯಬೇಕಾಗಿತ್ತು. ನನಗೆ ಅದಕ್ಕೊಂದು ಹಿಡಿಕೆ ಬೇಕಾಗಿತ್ತು.

ಮೆತ್ತನೆಯ ಪ್ರಾಣಿಗೊಂಬೆಗಳಿಗೆ ನೂರೈವತ್ತು ವರ್ಷಗಳಿಗೆ ಸಮೀಪಿಸುವ ಚರಿತ್ರೆಯಿದೆ. ಜರ್ಮನಿಯ ಗಿಂಗನ್ ಎಂಬ ಊರಿನಲ್ಲಿ ಮಾರ್ಗರೆಟ ಸ್ಟೈಫ್ ಎಂಬ ಹೊಲಿಗೆಯಾಕೆ 1880ರಲ್ಲಿ ಉಣ್ಣೆಬಟ್ಟೆಯ ಒಂದು ಪುಟ್ಟ ಆನೆಯನ್ನು ಹೊಲಿದಳು. ಬಾಲ್ಯದಲ್ಲಿ ಪೋಲಿಯೋ ತಗುಲಿ ಗಾಲಿಕುರ್ಚಿಯಲ್ಲಿಯೇ ಬದುಕಿದವಳು ಅವಳು. ಆನೆಯನ್ನು ಹೊಲಿದದ್ದು ಸೂಜಿ ಚುಚ್ಚಿಡುವ ಮೆತ್ತೆಯಾಗಿ. ಮಕ್ಕಳು ಅದನ್ನು ಎತ್ತಿಕೊಂಡುಹೋಗಿ ಆಟವಾಡಿದರು. ಅಲ್ಲಿಂದ ಒಂದು ಉದ್ಯಮವೇ ಬೆಳೆಯಿತು. 1902ರಲ್ಲಿ ಅವಳ ತಮ್ಮನ ಮಗ ಕೈಕಾಲು ಆಡಿಸುವ ಕರಡಿಯನ್ನು ರೂಪಿಸಿದ. ಕರಡಿ ಕಾಡಿನಲ್ಲಿ ಮನುಷ್ಯನನ್ನು ಸೀಳಬಲ್ಲ ಪ್ರಾಣಿ; ತೊಟ್ಟಿಲಿನಲ್ಲಿ ಅದು ಮಗುವಿನ ಜೊತೆಗಾರನಾಯಿತು. ಹಾವು ಆ ಸಾಲಿಗೆ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ. ಹೊಲಿಯುವವರಿಗೆ ಅದರಷ್ಟು ಸುಲಭದ ಪ್ರಾಣಿ ಇನ್ನೊಂದಿಲ್ಲ. ಕಾಲಿಲ್ಲ, ಕಿವಿಯಿಲ್ಲ, ಒಂದು ಉದ್ದನೆಯ ಚೀಲ ಹೊಲಿದು ಹತ್ತಿ ತುಂಬಿದರಾಯಿತು. ಮಗುವಿಗೂ ಅದರಷ್ಟು ಉಪಯೋಗದ ಗೊಂಬೆ ಇನ್ನೊಂದಿಲ್ಲ. ಎರಡೇ ದಿನಗಳಲ್ಲಿ ಹಿರವ್ಯಾ ನಮ್ಮ ಮನೆಯಲ್ಲಿ ನದಿಯಾದ, ರೈಲಾದ, ನಡುಪಟ್ಟಿಯಾದ, ದಿಂಬಾದ, ಸೋಫಾದ ಎರಡು ತುದಿಗಳ ನಡುವಿನ ಸೇತುವೆಯಾದ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸಿದ್ದು ಚಳಿದೇಶಗಳ ಇನ್ನೊಂದು ರೂಢಿ. ಇಂಗ್ಲೆಂಡಿನಂಥ ಕಡೆಗಳಲ್ಲಿ ಬಾಗಿಲ ಕೆಳಗಿನ ಸಂದಿನಿಂದ ಶೀತಗಾಳಿ ನುಗ್ಗದಂತೆ ಒಂದು ಉದ್ದನೆಯ ಬಟ್ಟೆಯ ಮೆತ್ತೆಯನ್ನು ಇಡುತ್ತಾರೆ. ಅದರ ಆಕಾರ ಹಾವಿನದೇ ಆದ್ದರಿಂದ ಒಂದು ತುದಿಗೆ ಎರಡು ಗುಂಡಿಯ ಕಣ್ಣು, ಕೆಂಪು ನಾಲಗೆ ಹೊಲಿದು ಅದನ್ನು ಹಾವೆಂದೇ ಕರೆಯುತ್ತಾರೆ. ಗಾಳಿ ಒಳಗೆ ಬಾರದಂತೆ ಅವರು ಬಾಗಿಲಿಗೆ ಹಾವನ್ನು ಕಾವಲಿರಿಸಿದರು. ಹಾವು ಒಳಗೆ ಬಾರದಂತೆ ನಮ್ಮವ್ವ ಬಾಗಿಲಿಗೆ ಸೀರೆಯನ್ನು ಕಾವಲಿರಿಸಿದಳು. ಎರಡೂ ಒಂದೇ ಉದ್ದದ, ಒಂದೇ ದಪ್ಪದ ಬಟ್ಟೆಯ ಸುರುಳಿಗಳು. ನಡುವೆ ಇರುವ ಅಂತರ ಎರಡು ಗುಂಡಿಗಳದು.

ಆದರೆ ಆ ಎರಡು ಗುಂಡಿಗಳನ್ನು ಹೊಲಿಯುವ ಧೈರ್ಯ ಸುಲಭವಾಗಿ ಬರುವುದಿಲ್ಲ. ಬರಬೇಕೇ ಎಂಬ ಪ್ರಶ್ನೆಯೂ ನನಗಿತ್ತು. ನಗುವ ಹಾವನ್ನು ತಬ್ಬಿ ಮಲಗುವ ಮಗು ನಾಳೆ ಹೊಲದಲ್ಲಿ ನಿಜವಾದ ಹಾವಿಗೆ ಕೈಚಾಚಿದರೆ? 2000ರಿಂದ 2019ರವರೆಗಿನ ಎರಡು ದಶಕಗಳಲ್ಲಿ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಎಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಅವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿ ಹದಿನೈದು ತುಂಬದ ಮಕ್ಕಳು. ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಈ ಅಂಕಿಗಳ ಮುಂದೆ ಬಟ್ಟೆಯ ಹಾವು ಪಟ್ಟಣದವರ ಚೆಲ್ಲಾಟವೆಂದು ಯಾರಾದರೂ ಹೇಳಿದರೆ ಅವರ ಮೇಲೆ ಕೋಪಿಸಿಕೊಳ್ಳಲಾರೆ. ನಾನೂ ಮೊದಲ ದಿನ ಹಾಗೆಯೇ ಯೋಚಿಸಿದೆ. ಗೊಂಬೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕೋಣವೆಂದು ಮಗಳಿಗೆ ಹೇಳಿಯೂ ಇದ್ದೆ.

ಮಗಳು ಹೇಳಿದ ಮಾತು ನನ್ನನ್ನು ತಡೆಯಿತು. “ಅಪ್ಪಾ, ನನಗ ನೀವು ಹಾವಿನ ಬಗ್ಗೆ ಏನೂ ಹೇಳಲೇ ಇಲ್ಲ. ಕಾಕಾ ಒಬ್ಬ ಇದ್ದ ಅನ್ನೂದೂ ನನಗ ಬ್ಯಾರೆಯವರಿಂದ ಗೊತ್ತಾತು. ಇವಗ ಈ ಗೊಂಬಿ ಇಟಗೊಂಡ ಎಲ್ಲಾ ಹೇಳೀನಿ.” ಪರೀಕ್ಷಿಸಲೆಂದು ನಾನು ಹುಡುಗನನ್ನು ಕೇಳಿದೆ. ನಿಜವಾದ ಸಾಪ್ ಕಂಡರೆ ಏನು ಮಾಡುವೆ? ಅವನು ಹಿರವ್ಯಾನನ್ನು ನೆಲದ ಮೇಲೆ ಬಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ಕದಲದೆ ನಿಂತು, “ಆಈ!” ಎಂದು ತಾಯಿಯನ್ನು ಕೂಗಿದ. ಆಮೇಲೆ ಬೂಟನ್ನು ಝಾಡಿಸಿ ಹಾಕಿಕೊಳ್ಳುವುದನ್ನೂ, ಕತ್ತಲಲ್ಲಿ ಬ್ಯಾಟರಿ ಹಿಡಿದು ನಡೆಯುವುದನ್ನೂ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸುವುದನ್ನೂ ನಾಟಕದಂತೆ ಆಡಿ ತೋರಿಸಿದ. ಕಚ್ಚಿದರೆ ಎಲ್ಲಿಗೆ ಹೋಗಬೇಕೆಂದು ಕೇಳಿದೆ. “ಹಾಸ್ಪಿಟಲ್” ಎಂದ; ಬೇರೆಲ್ಲಿಗಾದರೂ ಹೋಗಬಹುದೆಂಬ ಯೋಚನೆಯೇ ಅವನಿಗೆ ಇರಲಿಲ್ಲ. ನನ್ನ ತಮ್ಮನ ಎರಡು ತಾಸುಗಳು ನನಗೆ ನೆನಪಾದವು. ಹೆಸರು ಹೇಳದ ನಮ್ಮ ಮನೆ ನನಗೆ ಕಲಿಸಿದ್ದು ಭಯವನ್ನು. ಹೆಸರಿಟ್ಟು ಕರೆದ ಗೊಂಬೆ ಅವನಿಗೆ ಕಲಿಸಿದ್ದು ಎಚ್ಚರವನ್ನು.

ಪಂಚಮಿಯ ಬೆಳಗ್ಗೆ ಅವ್ವ ಮಣೆಯ ಮೇಲೆ ಗಂಧದಿಂದ ನಾಗನ ಚಿತ್ರ ಬರೆದಳು. ಹುಡುಗ ಹಿರವ್ಯಾನನ್ನು ತಂದು ಮಣೆಯ ಪಕ್ಕದಲ್ಲಿ ಕೂರಿಸಿದ. ನನ್ನ ಹೆಂಡತಿ ಅವನನ್ನು ಗದರಲು ಬಾಯಿ ತೆರೆದಳು. ಅವ್ವ ಕೈಯೆತ್ತಿ ತಡೆದಳು. ಬಹಳ ಹೊತ್ತು ಗೊಂಬೆಯನ್ನೇ ನೋಡಿದಳು. ಆಮೇಲೆ ಅರಿಸಿನದಲ್ಲಿ ಅದ್ದಿದ ಬೆರಳನ್ನು ಮುಂದೆ ಚಾಚಿ, ಒಮ್ಮೆ ಹಿಂದೆ ಸೆಳೆದುಕೊಂಡು, ಮತ್ತೆ ಚಾಚಿ ಅದರ ಹಣೆಗೆ ಒಂದು ಬೊಟ್ಟಿಟ್ಟಳು. “ಡಾಗ್ ಪಡಲಾ!” ಎಂದು ಹುಡುಗ ಅತ್ತ; ಕಲೆ ಬಿತ್ತೆಂದು. ಅವ್ವ ನಕ್ಕಳು. ಹಾವಿನ ಆಕಾರದ ಯಾವುದನ್ನಾದರೂ ಅವಳು ಮುಟ್ಟಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ರಾತ್ರಿ ಜೋರು ಮಳೆ. ಊಟವಾದ ಮೇಲೆ ಎಂದಿನಂತೆ ಅವ್ವ ಸುರುಳಿಯನ್ನು ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಹೋದಳು. ಹಗಲೆಲ್ಲ ಪೂಜೆಗೆ ನಿಂತು ಮೊಣಕಾಲು ಹಿಡಿದಿದ್ದವು. ಗೋಡೆ ಹಿಡಿದು ಅರ್ಧ ಬಗ್ಗಿ ಅಲ್ಲಿಯೇ ನಿಂತುಬಿಟ್ಟಳು. ನಾನು ಎದ್ದೆ. ಎದ್ದವನು ಅಲ್ಲೇ ನಿಂತೆ; “ಇರಲಿ, ಬಿಡು” ಎಂಬ ಮಾತು ಬರುವುದೆಂದು ಗೊತ್ತಿತ್ತು. ಅಷ್ಟರಲ್ಲಿ ಹುಡುಗ ನಮ್ಮಿಬ್ಬರ ನಡುವೆ ನುಸುಳಿ ಹೋಗಿ ಹಿರವ್ಯಾನನ್ನು ಬಾಗಿಲ ಸಂದಿಗೆ ಉದ್ದಕ್ಕೆ ಮಲಗಿಸಿ, ಎರಡೂ ಕೈಗಳಿಂದ ಒತ್ತತೊಡಗಿದ. “ಪಣಜೀ, ಹಾ ಝೋಪೇಲ್ ಇಥೇ” ಎಂದ. ಇವನು ಇಲ್ಲಿ ಮಲಗುತ್ತಾನೆ.

ಅವ್ವ ಕೈಯಲ್ಲಿದ್ದ ಸುರುಳಿಯನ್ನು ನೋಡಿದಳು, ಸಂದನ್ನು ನೋಡಿದಳು. ಮೆಲ್ಲಗೆ ನೆಟ್ಟಗಾಗಿ, ಊರುಗೋಲಿನ ತುದಿಯಿಂದ ಗೊಂಬೆಯ ಬಾಲವನ್ನು ಮೂಲೆಗೆ ತಳ್ಳಿದಳು. “ಇಲ್ಲಿ ಬಿಟ್ಟೀದಿ ನೋಡು. ಇಲ್ಲೀನೂ ಒತ್ತು.” ಅವನು ಒತ್ತಿದ. ಆಮೇಲೆ ಅವನೇ ಮತ್ತೆ ಆ ಪ್ರಶ್ನೆ ಕೇಳಿದ. ಇದಕ್ಕೆ ಕನ್ನಡದಲ್ಲಿ ಏನು? ಆಜೋಬಾ ಹುಳ ಎನ್ನುತ್ತಾರೆ.

ಹೊರಗೆ ಮಳೆ, ದೀಪ ಹಚ್ಚಿದ ಹೊತ್ತು. ಅವ್ವ ಒಂದು ಗಳಿಗೆ ಸುಮ್ಮನಿದ್ದಳು.

“ನಿಮ್ಮ ಅಜ್ಜಗ ಹೇಳಾಕ ಬರೂದಿಲ್ಲೋ ತಮ್ಮಾ,” ಎಂದಳು. “ಅದು ಹಾಂವ. ಅನ್ನು, ಹಾಂವ.”

“ಹಾಂವ,” ಎಂದ ಹುಡುಗ.

ಅವನು ಮಲಗಲು ಹೋದ ಮೇಲೆ ಅವ್ವನನ್ನು ಕೈ ಹಿಡಿದು ಮಂಚದವರೆಗೆ ಕರೆತಂದೆ. ಕುಳಿತು, ಮೊಣಕಾಲು ನೀವಿಕೊಳ್ಳುತ್ತ, ನಾನು ಏನೂ ಕೇಳದಿದ್ದರೂ ಹೇಳಿದಳು: “ಆ ಮನ್ಯಾಗ ಗ್ವಾಡಿ ತುಂಬ ಇಲಿ ತೂತ ಇದ್ದವು. ಬಾಗಲಾ ಒಂದ ಮುಚ್ಚಿದ್ರ ಅದು ನಿಂದರತಿತ್ತೇನು? ನಾ ಸುರಳಿ ಒತ್ತೂದು ನನ್ನ ಸಮಾಧಾನಕ್ಕ. ನೀ ಸಣ್ಣಾವ ಇದ್ದಿ, ನಿನ್ನ ಮ್ಯಾಲ ಆ ಭಾರ ಬ್ಯಾಡಂತ ನಾನ ತಗೊಂಡೆ.”

ನಾನು ಉತ್ತರ ಕೊಡಲಿಲ್ಲ, ಕೊಡಲು ಆಗಲಿಲ್ಲ. “ಇರಲಿ, ಬಿಡು” ಎಂಬ ಎರಡು ಶಬ್ದಗಳ ಅರ್ಥವನ್ನು ತಪ್ಪಾಗಿ ಓದಿಕೊಂಡು ನಾನು ಮುದುಕನಾಗುತ್ತ ಬಂದಿದ್ದೆ. ಪಾಠಾಂತರಗಳನ್ನು ತೂಗಿನೋಡಿ ಅರ್ಥ ಹೇಳುವುದೇ ವೃತ್ತಿಯಾಗಿರುವವನ ಪಾಡು ಇದು. ತಾಯಿಯನ್ನು ಒಮ್ಮೆಯಾದರೂ ಕೇಳಿದ್ದರೆ ತಿಳಿಯುತ್ತಿತ್ತು. ಕೇಳಬೇಕಾದರೆ ಆ ಹೆಸರನ್ನು ಎತ್ತಬೇಕಾಗಿತ್ತು. ನಮ್ಮಲ್ಲಿ ಯಾರಿಗೂ ಅದು ಸಾಧ್ಯವಾಗಿರಲಿಲ್ಲ. ನಾಲ್ಕು ಮೊಳದ ಬಟ್ಟೆ, ಒಂದಿಷ್ಟು ಹತ್ತಿ, ಒಂದು ಮಗುವಿನ ಸಹಜವಾದ ಪ್ರಶ್ನೆ ಅದನ್ನು ಸಾಧ್ಯವಾಗಿಸಿದವು.

ಹಬ್ಬ ಮುಗಿದು ಮಗಳು ಹೊರಟಾಗ ಹುಡುಗ ಹಿರವ್ಯಾನನ್ನು ಚೀಲಕ್ಕೆ ಹಾಕಿಕೊಳ್ಳಲಿಲ್ಲ. ಪಣಜಿಯ ಬಾಗಿಲಿಗೆ ಸಂದಿದೆ, ಪುಣೆಯ ಬಾಗಿಲಿಗೆ ಇಲ್ಲ ಎಂಬುದು ಅವನು ಕೊಟ್ಟ ಕಾರಣ. ಫೋನಿನಲ್ಲಿ ಮಾತಾಡುವಾಗಲೆಲ್ಲ “ಹಾಂವ ಕಸಾ ಆಹೇ?” ಎಂದು ವಿಚಾರಿಸುತ್ತಾನೆ. ಅವನ ಮರಾಠಿಯ ವಾಕ್ಯದ ನಡುವೆ ಕುಳಿತಿರುವ ಆ ಒಂದು ಕನ್ನಡ ಶಬ್ದವನ್ನು ಕೇಳಿದಾಗ ನನಗೆ ಸಂತೋಷವಾಗುತ್ತದೆ. ಅನುನಾಸಿಕವೂ ಸೇರಿದಂತೆ ಅದು ನಮ್ಮೂರಿನ ಉಚ್ಚಾರಣೆ. ಅವನ ಮುತ್ತಜ್ಜಿಯ ಬಾಯಿಂದ ನೇರವಾಗಿ ಅವನ ಬಾಯಿಗೆ ಹೋದದ್ದು.

ಈ ವರ್ಷ ಧ್ವನಿವ್ಯತ್ಯಾಸದ ಪಾಠ ಮಾಡುವಾಗ ‘ಪಾವು – ಹಾವು’ ಎಂದು ಹಲಗೆಯ ಮೇಲೆ ಬರೆದು, ನಿಮ್ಮ ನಿಮ್ಮ ಮನೆಗಳಲ್ಲಿ ರಾತ್ರಿ ಇದಕ್ಕೆ ಏನನ್ನುತ್ತಾರೆಂದು ವಿದ್ಯಾರ್ಥಿಗಳನ್ನು ಕೇಳಿದೆ. ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಹೇಳತೊಡಗಿದರು. ಇಬ್ಬರು ಹೇಳದೆ ತಲೆ ತಗ್ಗಿಸಿದರು. ಅವರನ್ನು ಒತ್ತಾಯಿಸಲಿಲ್ಲ. ತರಗತಿ ಮುಗಿದ ಮೇಲೆ ಅವರಲ್ಲೊಬ್ಬಳು ನನ್ನ ಕೊಠಡಿಗೆ ಬಂದಳು. ಅವಳ ಮಾತನ್ನು ಕುಳಿತು ಕೇಳಿದೆ.

ಮನೆಯಲ್ಲಿ ಈಗಲೂ ರಾತ್ರಿ ಊಟವಾದ ಮೇಲೆ ಹಿತ್ತಲ ಬಾಗಿಲಿಗೆ ಸುರುಳಿ ಒತ್ತುವ ಕೆಲಸವಿದೆ. ಅವ್ವ ಮಂಚದ ಮೇಲಿಂದಲೇ ಕೇಳುತ್ತಾಳೆ: “ಹಾಂವ ಇಟ್ಟಿಯೇನು?” ಹಣೆಯ ಮೇಲೆ ಅರಿಸಿನದ ಕಲೆಯಿರುವ, ರೆಪ್ಪೆಯುಳ್ಳ ಆ ಹಾವನ್ನು ಸಂದಿಗೆ ಒತ್ತಿ, ಎರಡು ಸಲ ಕೈಯಾಡಿಸಿ ನೋಡಿ, ಇಟ್ಟೆನೆಂದು ಹೇಳುತ್ತೇನೆ. ಆ ಕೆಲಸ ಈಗ ಮತ್ತೆ ನನ್ನದು.